ಅಗಸೆಕಟ್ಟೆಯ ಮೀಸೆ

ಶಿಷ್ಯನೊಬ್ಬ ಮುಂಗೈ ಉಜ್ಜಿಕೊಳ್ಳುತ್ತ ಗುರುಗಳ ಮುಂದೆ ಬಂದು ನಿಂತ. ಮುಂಗೈ ಕೆಂಪಾಗಿ ಬಾತಿತ್ತು.

"ಗುರುಗಳೇ, ಕರುಣೆ ತೋರಿದವನಿಗೆ ಪೆಟ್ಟು ಬೀಳುವುದು ಯಾವ ನ್ಯಾಯ? ಮಠದ ಮೆಟ್ಟಿಲ ಮೇಲೆ ಒಬ್ಬ ಹುಡುಗನಿದ್ದ. ಕಂಕುಳಲ್ಲಿ ಊರುಗೋಲು, ಒಂದು ಕಾಲು ಒಣಗಿದೆ. ನಡುಮೆಟ್ಟಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ. ನೋಡಿ ನನ್ನ ಕರುಳು ಚುರ್ ಎಂದಿತು. ಎತ್ತಿಕೊಂಡು ಹೋಗಿ ಮೇಲೆ ಬಾಗಿಲ ಬಳಿ ಇಳಿಸಿದೆ. ಕೈಮುಗಿಯುವುದು ಹಾಗಿರಲಿ, ಊರುಗೋಲಿನಿಂದಲೇ ಬಾರಿಸಿದ. ಇಂಥ ಕೃತಘ್ನರಿಗೂ ದಯೆ ತೋರಬೇಕೇ?"

"ಕೂತುಕೋ," ಎಂದರು ಗುರುಗಳು. "ಕೈಗೆ ಎಣ್ಣೆ ಹಚ್ಚಿಕೋ. ಒಂದು ಕತೆ ಹೇಳುತ್ತೇನೆ. ಹೇಳುವಾಗ ನನಗೆ ಸಿಟ್ಟು ಬರುತ್ತದೆ. ನಿನ್ನ ಮೇಲೆಂದು ತಿಳಿಯಬೇಡ."

ಒಂದು ಊರಿನಲ್ಲಿ ಮಂಡಕ್ಕಿ ಹುರಿದು ಮಾರುವ ಒಬ್ಬ ಹೆಂಗಸಿದ್ದಳು. ಗಂಡ ತೀರಿಹೋಗಿದ್ದ. ಅವಳಿಗೆ ಒಬ್ಬನೇ ಮಗ, ಹೆಸರು ಗಾದಿಲಿಂಗ, ವಯಸ್ಸು ಹದಿನಾರು. ಹುಟ್ಟುವಾಗಲೇ ಅವನ ಬಲಗಾಲು ಸೊಟ್ಟಗಿತ್ತು. ಕೋಲು ಹಿಡಿದರೆ ಅವನು ನಡೆಯಬಲ್ಲ. ನಿಧಾನವಾಗಿ ನಡೆಯುತ್ತಾನೆ, ಒಮ್ಮೊಮ್ಮೆ ಬೀಳುತ್ತಾನೆ, ಆದರೆ ನಡೆಯಬಲ್ಲ. ಈ ಮಾತನ್ನು ನೀನು ನೆನಪಿಡು. ಆ ಊರು ನೆನಪಿಡಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಯಾರು ಏನೇ ಹೊಸತು ತೊಡಗಲಿ, ಅದರ ಮೊದಲ ತುತ್ತು ಅಂಗ ಊನವಾದವನ ಮಡಿಲಿಗೆ ಬೀಳಬೇಕು. ಹೊಸ ಎತ್ತು ತಂದರೆ ಬೆಲ್ಲ. ತೊಟ್ಟಿಲು ಕಟ್ಟಿದರೆ ಗುಗ್ಗರಿ. ದಿಬ್ಬಣ ಹೊರಟರೆ ಹೋಳಿಗೆ. ಹಾಗೆ ಹಾಕಿದವನ ಕೆಲಸಕ್ಕೆ ವಿಘ್ನವಿಲ್ಲ, ಪುಣ್ಯವಂತೂ ಕಟ್ಟಿಟ್ಟ ಬುತ್ತಿ. ಇದಕ್ಕಾಗಿ ಊರ ಬಾಗಿಲಿನ ಅಗಸೆಕಟ್ಟೆಯ ಮೇಲೆ ಗಾದಿಲಿಂಗನನ್ನು ದಿನಾ ಮುಂಜಾನೆ ಹೊತ್ತು ತಂದು ಕೂರಿಸುತ್ತಿದ್ದರು. ಬಿಸಿಲು ಬಡಿಯದಿರಲೆಂದು ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕುತ್ತಿದ್ದರು. ಸಂಜೆ ಹೊತ್ತುಕೊಂಡು ಹೋಗಿ ತಾಯಿಯ ಮನೆಗೆ ಬಿಡುತ್ತಿದ್ದರು. ನೋಡು, ಎಷ್ಟು ಒಳ್ಳೆಯ ಜನ!

ಹುಡುಗನಿಗೆ ಹೊಟ್ಟೆಗೆ ಕಡಿಮೆ ಇರಲಿಲ್ಲ. ಅವನು ಎದ್ದು ನಿಂತರೆ ಮಾತ್ರ ನಾಲ್ಕು ಕೈಗಳು ಬಂದು ಕೂರಿಸುತ್ತಿದ್ದವು. "ಅಯ್ಯೋ ಪಾಪ, ಬೀಳ್ತಿಯಪಾ, ಕುಂದ್ರು." ಗೋಲಿ ಆಡಲು ಹೋದರೆ ಓರಗೆಯ ಹುಡುಗರು ಬೇಕೆಂದೇ ಸೋಲುತ್ತಿದ್ದರು. ಮನೆಯಲ್ಲಿ ಹಿರಿಯರು ಹಾಗೆ ಹೇಳಿಕೊಟ್ಟಿದ್ದರು. ಒಮ್ಮೆ ಹಠ ಹಿಡಿದು ಪಕ್ಕದ ತೋಟದ ಪೇರಲಹಣ್ಣು ಕದ್ದ. ಯಾರಾದರೂ ಅಟ್ಟಿಸಿಕೊಂಡು ಬರಲಿ, ಒಂದು ಏಟಾದರೂ ಬೀಳಲಿ ಎಂದು ಕದ್ದ. ತೋಟದವನು ಮರುದಿನ ಒಂದು ಬುಟ್ಟಿ ಪೇರಲ ತಂದು ಕಟ್ಟೆಯ ಮೇಲಿಟ್ಟು ಕೈಮುಗಿದು ಹೋದ. ಹುಡುಗ ಆ ಬುಟ್ಟಿ ನೋಡಿ ಅತ್ತ. ಊರು ಅದನ್ನು ಆನಂದಬಾಷ್ಪ ಎಂದು ತಿಳಿಯಿತು.

ಕುಂಟನಿಗೆ ಎಂಟು ಚೇಷ್ಟೆ ಎಂದು ಗಾದೆ ಕಟ್ಟಿಕೊಂಡವರು ನಾವು. ಈ ಹುಡುಗನಿಗೆ ಒಂದೇ ಒಂದು ಚೇಷ್ಟೆಗೂ ಜಾಗ ಬಿಡಲಿಲ್ಲ. ಅವನಿಗಿದ್ದ ಆಸೆಯಾದರೂ ಎಷ್ಟು ದೊಡ್ಡದು? ಅಗಸೆಯಿಂದ ಕೆಳಗಿನ ಓಣಿಯ ತುದಿಯವರೆಗೆ, ತಾನು ಹುಟ್ಟಿದ ಊರಿನ ಬೀದಿಯಲ್ಲಿ, ಒಂದು ಸಲ ತಾನೇ ನಡೆದು ಹೋಗಬೇಕು. ಯಾರೂ ಹಿಡಿಯಬಾರದು. ಅಷ್ಟೇ.

ಹೀಗಿರುವಾಗ ಆ ಊರಿಗೆ ಒಬ್ಬ ಹಗಲುವೇಷದವನು ಬಂದ. ಅವರ ರೂಢಿ ನಿನಗೆ ಗೊತ್ತಿರಬಹುದು. ಬಂದ ಊರಿನಲ್ಲಿ ಕೆಲವು ದಿನ ಬಿಡಾರ ಹೂಡುತ್ತಾರೆ. ದಿನಕ್ಕೊಂದು ವೇಷ ಕಟ್ಟಿ ಮನೆಮನೆಯ ಮುಂದೆ ಆಡುತ್ತಾರೆ. ಆಡುವ ದಿನಗಳಲ್ಲಿ ಏನನ್ನೂ ಬೇಡುವುದಿಲ್ಲ. ಕೊನೆಯ ದಿನ ಬಣ್ಣ ತೊಳೆದುಕೊಂಡು ಬರೀ ಮುಖದಲ್ಲಿ ಬಂದು, ಜನ ಕೊಟ್ಟ ಜೋಳವನ್ನೋ ಬಟ್ಟೆಯನ್ನೋ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಈ ವೇಷಗಾರನಿಗೆ ಐವತ್ತು ದಾಟಿತ್ತು. ಬಾಯಿ ಬೊಂಬಾಯಿ, ಮೂಗಿನ ತುದಿಯಲ್ಲಿ ಕೋಪ. ಇಷ್ಟುದ್ದ ಮೀಸೆ ಬಿಟ್ಟಿದ್ದ. ಹೆಣ್ಣು ವೇಷ ಕಟ್ಟುವ ದಿನ ಆ ಮೀಸೆಯ ಮೇಲೆ ಸೆರಗು ಎಳೆದುಕೊಂಡು ನಾಚುವುದೇ ಅವನ ದೊಡ್ಡ ವಿನೋದ.

ಒಂದು ದಿನ ಅವನು ಕುಂಟ ದಾಸಯ್ಯನ ವೇಷದಲ್ಲಿ ಕುಂಟುತ್ತ ಅಗಸೆಯೊಳಗೆ ಬಂದ. ಅಲ್ಲಿದ್ದವರಿಗೆ ಸಹಿಸಲಾಗಲಿಲ್ಲ. ಪಾಪದ ಹುಡುಗನ ಎದುರಿಗೇ ಕುಂಟುವುದೆಂದರೇನು? ಒಬ್ಬ ಮುದುಕ ಕಲ್ಲು ಎತ್ತಿಕೊಂಡ. ಅಷ್ಟರಲ್ಲಿ ಕಟ್ಟೆಯ ಮೇಲಿಂದ ಯಾರೋ ಬಿದ್ದು ಬಿದ್ದು ನಕ್ಕರು. ನಕ್ಕವನು ಗಾದಿಲಿಂಗ. ಅವನಿಗೆ ನಗಲು ಬರುತ್ತದೆಂದು ಊರಿಗೆ ಅಂದೇ ಗೊತ್ತಾಗಿದ್ದು.

"ಕಾಕಾ, ಅದು ಕುಂಟೂದಲ್ಲ. ನಿನ್ನ ಕಾಲಾಗ ಮುಳ್ಳು ನೆಟ್ಟೈತಿ."

ವೇಷಗಾರ ನಿಂತ. ಅವನಿಗೆ ಸಿಟ್ಟು ಬಂತು. ಅವನ ಆಟದಲ್ಲಿ ತಪ್ಪು ಹಿಡಿದವರು ಅಲ್ಲಿಯವರೆಗೆ ಇರಲಿಲ್ಲ.

"ಹೌದೇನಲೇ? ಹಂಗಾರ ಖರೇ ಕುಂಟೂದು ಹೆಂಗ ಅಂತ ಕೆಳಗ ಇಳದು ತೋರ್ಸು. ಕುಂತಲ್ಲೇ ಕುಂತು ಮಾತಾಡಬ್ಯಾಡ."

ಸುತ್ತಲಿದ್ದವರು ಹಾಯ್ ಹಾಯ್ ಎಂದರು. ಆ ಹುಡುಗನಿಗೆ ಇಳಿ ಎಂದು ಹೇಳಿದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ನೀನು ನನಗೆ ಏನಾದರೂ ಕಲಿಸು ಎಂದು ಕೇಳಿದವರಂತೂ ಇರಲೇ ಇಲ್ಲ. ಗಾದಿಲಿಂಗ ಕೋಲು ಊರಿ ಕಟ್ಟೆ ಇಳಿದ. ಹಿಡಿಯಲು ಬಂದ ಕೈಗಳನ್ನು ವೇಷಗಾರ ಬೈದು ಓಡಿಸಿದ. ಹುಡುಗ ನಡೆದು ತೋರಿಸಿದ. ನೋವು ಪಾದದಲ್ಲಿಲ್ಲ, ಸೊಂಟದಲ್ಲಿ. ಮೊದಲು ಹೆಗಲು ಏಳುತ್ತದೆ, ಆಮೇಲೆ ಕಾಲು ಬರುತ್ತದೆ. ಕಣ್ಣು ಎದುರಿಗಿರುವುದಿಲ್ಲ, ಮುಂದಿನ ಹೆಜ್ಜೆಯ ಕಲ್ಲಿನ ಮೇಲಿರುತ್ತದೆ. ವೇಷಗಾರ ಕಣ್ಣು ಕಿರಿದು ಮಾಡಿ ನೋಡಿದ. "ಇನ್ನೊಮ್ಮೆ," ಎಂದ. ಹುಡುಗ ಇನ್ನೊಮ್ಮೆ ನಡೆದ.

ಅಂದಿನಿಂದ ಅವರಿಬ್ಬರಿಗೆ ಗೆಳೆತನವಾಯಿತು. ನಡುಹಗಲಲ್ಲಿ ಊರು ಹೊಲಕ್ಕೆ ಹೋದ ಮೇಲೆ ಅಗಸೆಯಲ್ಲಿ ನಾಯಿಯೂ ಇರುತ್ತಿರಲಿಲ್ಲ. ಆಗ ವೇಷಗಾರ ಬರುತ್ತಿದ್ದ. ಇಬ್ಬರೂ ಊರ ಹೊರಗಿನ ಹುಣಸೆತೋಪಿಗೆ ಹೋಗುತ್ತಿದ್ದರು. ಹುಡುಗ ಅವನಿಗೆ ಕುಂಟುವುದನ್ನು ಕಲಿಸಿದ. ಅವನು ಹುಡುಗನಿಗೆ ಬಣ್ಣ ಕಲಸುವುದನ್ನು, ಹೊಟ್ಟೆಯಿಂದ ದನಿ ತೆಗೆಯುವುದನ್ನು, ನೂರು ಜನರ ಮುಂದೆ ಎದೆ ಮುಂದಕ್ಕೆ ಹಾಕಿ ನಿಲ್ಲುವುದನ್ನು ಕಲಿಸಿದ. ತಪ್ಪಿದರೆ ಅವನ ಬಾಯಿಗೆ ಹಿಡಿತವಿರಲಿಲ್ಲ. "ಲೇ ಸೋಮಾರಿ, ಸತ್ತವರ ಮನಿಗೆ ಹೊಂಟಂಗ ಬರ್ತೀಯಲ್ಲೋ!" ಹದಿನಾರು ವರ್ಷ ಒಂದು ಬೈಗುಳವೂ ಬೀಳದ ಹುಡುಗ ಅದನ್ನು ಹಸಿದವನಂತೆ ತಿಂದ. ಹುಣಸೆತೋಪಿನಲ್ಲಿ ಅವನು ಎಷ್ಟೋ ಸಲ ಬಿದ್ದ. ವೇಷಗಾರ ಎತ್ತಲಿಲ್ಲ. ಎದ್ದ ಮೇಲೆ ಮಣ್ಣು ಜಾಡಿಸಿಕೋ ಎನ್ನುತ್ತಿದ್ದ.

ಒಂದು ದಿನ ಹುಡುಗ ಕೇಳಿದ. ತಾನೂ ಒಂದು ವೇಷ ಕಟ್ಟಿ ಊರ ಬೀದಿಯಲ್ಲಿ ಆಡಬೇಕು. ಆದರೆ ಕಟ್ಟೆ ಖಾಲಿ ಕಂಡರೆ ಊರು ಹುಡುಕಿಕೊಂಡು ಬರುತ್ತದೆ, ಹೊತ್ತುಕೊಂಡು ಹೋಗಿ ಮತ್ತೆ ಕೂರಿಸುತ್ತದೆ. ವೇಷಗಾರ ತೊಡೆ ತಟ್ಟಿದ. ಇನ್ನೊಬ್ಬರಂತೆ ಕೂರುವುದೇ ತನ್ನ ಕಸುಬು, ಅಂದು ಕಟ್ಟೆಯ ಮೇಲೆ ತಾನು ಕೂರುತ್ತೇನೆ ಎಂದ. ಆಮೇಲೆ ಮೀಸೆ ನೀವಿಕೊಂಡು ಚಿಂತೆಗೆ ಬಿದ್ದ.

"ಇದನ್ನ ಬೋಳಿಸಬೇಕಾಗತೈತಿ."

"ಬ್ಯಾಡ ಕಾಕಾ," ಎಂದ ಹುಡುಗ. "ಯಾರೂ ನೋಡೂದಿಲ್ಲ."

ವೇಷಗಾರ ನಂಬಲಿಲ್ಲ. ಜನ ನೋಡುತ್ತಾರೆ ಎಂಬ ನಂಬಿಕೆಯ ಮೇಲೆ ಬದುಕು ಕಟ್ಟಿದವನು ಅವನು. ಹುಡುಗ ಬೋಳಿಸಲು ಬಿಡಲಿಲ್ಲ.

ಅವರು ಆರಿಸಿಕೊಂಡದ್ದು ಕೂರಿಗೆ ಹೊರಡುವ ದಿನವನ್ನು. ವರ್ಷದ ಬಿತ್ತನೆಗೆ ಪ್ರತಿ ಮನೆಯ ಕೂರಿಗೆಯೂ ಅಂದು ಪೂಜೆ ಮಾಡಿಸಿಕೊಂಡು ಅಗಸೆ ದಾಟುತ್ತದೆ. ದಾಟುವ ಮುನ್ನ ಕಟ್ಟೆಯ ಮೇಲಿನ ಮಡಿಲಿಗೆ ಮೊದಲ ತುತ್ತು ಬೀಳುತ್ತದೆ. ಎಂದಿನಂತೆ ಹುಡುಗನನ್ನು ಹೊತ್ತು ತಂದು ಕೂರಿಸಿದರು. ಹೊತ್ತವರು ಬೆನ್ನು ತಿರುಗಿಸಿದ ಕೂಡಲೇ ಹುಡುಗ ಇಳಿದು ಹುಣಸೆತೋಪಿಗೆ ಸರಿದ. ವೇಷಗಾರ ಕಟ್ಟೆ ಏರಿ ಕೊಪ್ಪೆ ಹಾಕಿಕೊಂಡು, ಕಾಲು ಮಡಿಸಿ ಕೂತ. ಅವನು ಕೂತ ಬಗೆಯಲ್ಲಿ ಒಂದು ಕೂದಲೆಳೆಯ ತಪ್ಪೂ ಇರಲಿಲ್ಲ. ಮೀಸೆ ಮಾತ್ರ ಇದ್ದಲ್ಲೇ ಇತ್ತು.

ಒಂದೊಂದೇ ಕೂರಿಗೆ ಬಂತು. ಜನ ಬಗ್ಗಿದರು, ತುತ್ತು ಹಾಕಿದರು, ಕಣ್ಣು ಮುಚ್ಚಿ ಕೈಮುಗಿದರು, ಹೋದರು. ಮೊಳದಷ್ಟು ದೂರದಲ್ಲಿ ಐವತ್ತು ದಾಟಿದ ಗಂಡಸಿನ ಮುಖ. ಇಡೀ ಊರು ಅದರ ಮುಂದೆ ಹಾದುಹೋಯಿತು. ಒಬ್ಬನಿಗೂ ಕಾಣಲಿಲ್ಲ! ಇದನ್ನು ಹೇಳುವಾಗ ನನ್ನ ಮೈ ಉರಿಯುತ್ತದೆ. ಇಷ್ಟು ವರ್ಷ ಆ ಹುಡುಗನ ಮಡಿಲನ್ನು ಮಾತ್ರ ನೋಡಿದ್ದರು.

ಇತ್ತ ಗಾದಿಲಿಂಗ ಊರ ಗೌಡನ ವೇಷ ಕಟ್ಟಿದ್ದ. ದೊಡ್ಡ ರುಮಾಲು, ಆಡಿನ ಕೂದಲಿನ ಮೀಸೆ, ಬಾಯಿ ತುಂಬ ಎಲೆಯಡಿಕೆ. ಕೋಲು ಊರಿ ಕುಂಟುತ್ತ ಮೊದಲ ಮನೆಯ ಮುಂದೆ ನಿಂತ. ಓಡಿಹೋಗಿ ಕಟ್ಟೆಯ ಮೇಲೆ ಕೂತುಬಿಡಲೇ ಅನ್ನಿಸಿತು. ಆಗ ಆ ಮನೆಯ ಯಜಮಾನ ಹೊರಗೆ ಬಂದ. ಹುಡುಗ ಅವನ ಹೆಗಲು ಹಿಡಿದು, "ಅಯ್ಯೋ ಪಾಪ, ಬೀಳ್ತಿಯಪಾ, ಕುಂದ್ರು," ಎಂದು ಜಗುಲಿಯ ಮೇಲೆ ಕೂರಿಸಿ, ಮಡಿಲಿಗೆ ಒಂದು ಹಿಡಿ ಮಣ್ಣು ಹಾಕಿ, ಆಕಾಶ ನೋಡಿ ಕೈಮುಗಿದ. ಯಜಮಾನ ಏಳಲು ಹೋದ. ಹುಡುಗ ಮತ್ತೆ ಕೂರಿಸಿದ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಕೇಳಿ ಓಣಿ ಸೇರಿತು.

ಮನೆಮನೆಯಲ್ಲೂ ಅದೇ ಆಟ. ಜನ ತಮ್ಮದೇ ಕರುಣೆಯನ್ನು ನೋಡಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು, ಅದು ತಮ್ಮದೆಂದು ಗುರುತಿಸಲಿಲ್ಲ. ವೇಷಗಾರನೇ ಆಡುತ್ತಿದ್ದಾನೆಂದು ತಿಳಿದರು. "ಇವತ್ತ ಬಣ್ಣದವ ಭಾಳ ಜೋರ ಅದಾನ. ಏನ ಕುಂಟತಾನಪಾ, ಖರೇ ಕುಂಟ ಹಿಂಗ ಕುಂಟಲಿಕ್ಕಿಲ್ಲ!" ಎಂದು ಒಬ್ಬ ಶಹಬ್ಬಾಸ್ ಹೇಳಿದ. ಹುಡುಗನಿಗೆ ಸಿಟ್ಟೂ ಬಂತು, ನಗುವೂ ಬಂತು. ಕಟ್ಟೆಗೆ ಓಡಿಹೋಗುವ ಆಸೆ ಯಾವಾಗ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಮಂಡಕ್ಕಿ ಭಟ್ಟಿಯ ಮುಂದೆ ಬಂದಾಗ ತಾಯಿ ಹೊರಗೆ ಬಂದಳು. ಒಂದೇ ನೋಟಕ್ಕೆ ಅವಳಿಗೆ ಗುರುತು ಸಿಕ್ಕಿತು. ಅವಳೂ ದಿನಾ ಕುಂದ್ರು ಎಂದವಳೇ. ಆದರೆ ಅವಳು ಮಗನ ಮುಖ ನೋಡಿದ್ದಳು. ಹೆಸರು ಹಿಡಿದು ಕೂಗಲಿಲ್ಲ, ಓಡಿ ಬಂದು ಹಿಡಿಯಲಿಲ್ಲ. ಆಟ ಮುಗಿಯುವವರೆಗೆ ನಿಂತು ನೋಡಿದಳು. ಮುಗಿದ ಮೇಲೆ, ಆಟಗಾರರಿಗೆ ಕೈಮುಗಿಯುವಂತೆ, ಮಗನಿಗೂ ಕೈಮುಗಿದಳು. ಹುಡುಗನ ಬಣ್ಣ ಕಣ್ಣಿನ ಕೆಳಗೆ ಕದಡಿತು.

ಅಗಸೆಯಲ್ಲಿ ಹೊತ್ತು ಏರಿತ್ತು. ದೊಡ್ಡ ಮನೆಯ ಪೂಜೆ ಉದ್ದ. ಗೌಡನ ಕೂರಿಗೆ ಎಲ್ಲರಿಗಿಂತ ಕೊನೆಗೆ ಬಂತು. ಗೌಡ ಬಗ್ಗಿ ಮಡಿಲಿಗೆ ಹೋಳಿಗೆ ಹಾಕಿದ. ವೇಷಗಾರನಿಗೆ ಮುಂಜಾನೆಯಿಂದ ಒಳಗೊಳಗೇ ಕುದಿಯುತ್ತಿತ್ತು. ಜೀವಮಾನದಲ್ಲಿ ಇಷ್ಟು ಕೆಟ್ಟ ವೇಷ ಅವನು ಕಟ್ಟಿರಲಿಲ್ಲ, ಅದೂ ದಕ್ಕಿಹೋಗುತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ.

"ಗೌಡ್ರ, ತುಪ್ಪ ಕಡಿಮಿ ಆತು," ಎಂದ.

ತುತ್ತು ಹಾಕಿಸಿಕೊಳ್ಳುವ ಮಡಿಲು ಮಾತಾಡಿದ್ದು ಗೌಡನಿಗೆ ಅದೇ ಮೊದಲು. ತಲೆ ಎತ್ತಿದ. ಮೀಸೆ ಕಂಡಿತು.

ಆಮೇಲೆ ಕೇಳಬೇಕೇ? ಬೊಬ್ಬೆ ಹೊಲದವರೆಗೆ ಮುಟ್ಟಿತು. ಬಿತ್ತುತ್ತಿದ್ದವರು ಕೂರಿಗೆ ಬಿಟ್ಟು ಓಡಿ ಬಂದರು. ಊರಿನ ಮೊದಲ ತುತ್ತೆಲ್ಲ ಗಟ್ಟಿಮುಟ್ಟಾದ ಗಂಡಸಿನ ಹೊಟ್ಟೆಗೆ ಹೋಯಿತು! ಪುಣ್ಯ ಹಾಳಾಯಿತು, ಬಿತ್ತನೆ ಕೆಟ್ಟಿತು! ವೇಷಗಾರನನ್ನು ಅಗಸೆಯ ಕಂಬಕ್ಕೆ ಕಟ್ಟಿದರು. ಗೌಡ ಎತ್ತು ಹೊಡೆಯುವ ಬಾರುಕೋಲು ತರಿಸಿದ. ಪಾಪದ ಹುಡುಗನನ್ನು ಹಂಗಿಸಿದ ಚಂಡಾಲ, ಪಾಪದ ಹುಡುಗನ ಅನ್ನ ಕದ್ದ ಪಾಪಿ ಎಂದು ಊರಿಗೆ ಊರೇ ಕಿರುಚಿತು. ಪಾಪದ ಹುಡುಗ ಎಲ್ಲಿದ್ದಾನೆಂದು ಒಬ್ಬನೂ ಕೇಳಲಿಲ್ಲ.

ಅವನು ಬೀದಿಯಲ್ಲಿದ್ದ. ಬೊಬ್ಬೆ ಕೇಳಿ ಆಟ ನಿಲ್ಲಿಸಿದ. ಗೆಳೆಯನ ಬೆನ್ನು ಸುಲಿದುಹೋಗುತ್ತದೆಂದು ಅವನಿಗೆ ತಿಳಿಯಿತು. ತಿರುಗಿ ಅಗಸೆಗೆ ಬಂದರೆ ಎಂದಿನ ಕಟ್ಟೆ ಎಂದಿನಂತೆ ಕಾದಿರುತ್ತದೆಂದೂ ತಿಳಿಯಿತು. ಅವನು ಬಂದ. ರುಮಾಲು ತೆಗೆಯಲಿಲ್ಲ, ಬಣ್ಣ ಒರೆಸಲಿಲ್ಲ. ಜನ ದಾರಿ ಬಿಟ್ಟರು. ಕುಂಟುತ್ತ ಬಂದು ಬಾರುಕೋಲಿಗೂ ಕಂಬಕ್ಕೂ ನಡುವೆ ನಿಂತ. ಗೌಡನ ಎದುರು ಗೌಡನೇ ನಿಂತಂತಾಯಿತು. "ನಿಲ್ರಿ," ಎಂದ ತನ್ನದೇ ದನಿಯಲ್ಲಿ. ಆ ದನಿ ಕೇಳಿದ ಮೇಲೆಯೇ ಊರಿಗೆ ಅವನ ಗುರುತು ಸಿಕ್ಕಿದ್ದು.

"ತಮ್ಮಾ, ದೂರ ಸರಿ," ಎಂದ ಗೌಡ. "ಈ ಕಳ್ಳ ನಿನ್ನ ಅನ್ನ ಕಸಗೊಂಡಾನ. ನಿನ್ನ ಸಲುವಾಗೇ ಹೊಡಿಯಾಕತ್ತೇವಿ."

"ನನ್ನ ಹೆಸರಿಲೆ ಹೊಡಿಬ್ಯಾಡ್ರಿ ಗೌಡ್ರ. ಮುಂಜಾನಿಂದ ಊರೆಲ್ಲಾ ಈ ಕಾಕಾನ ಮಡಲಾಗ ತುತ್ತು ಹಾಕೇತಿ. ಇವಗ ಗೇಣುದ್ದ ಮೀಸಿ ಅದಾವು. ನನಗ ಇನ್ನೂ ಮೀಸಿ ಚಿಗುರಿಲ್ಲ. ಒಬ್ಬರಾದರೂ ಮಾರಿ ನೋಡಿದ್ರೇನು? ಇವಾ ನನ್ನ ಕೂಡ ಮಾತಾಡಿದ ಮೊದಲ ದಿನಾನ ಕೇಳಿದ, ನೀ ಹೆಂಗ ನಡಿತಿ ಅಂತ. ಹದಿನಾರು ವರ್ಷ ಹೊತ್ತಗೊಂಡು ತಿರಿಗ್ಯಾಡಿದ್ರಿ. ನಡಿತಿಯೇನು ಅಂತ ನೀವ್ಯಾರರ ಕೇಳಿದ್ರೇನು?"

ಗೌಡನ ಮುಖ ಕಪ್ಪಿಟ್ಟಿತು. ಇನ್ನು ಮೇಲೆ ನಿನ್ನ ಮಡಿಲಿಗೆ ಒಂದು ಕಾಳೂ ಬೀಳುವುದಿಲ್ಲ ಎಂದ. ಅವನಿಗೆ ಗೊತ್ತಿದ್ದ ಹೆದರಿಕೆ ಅದೊಂದೇ.

"ಬ್ಯಾಡ್ರಿ," ಎಂದ ಹುಡುಗ. ಕಂಬದ ಹಗ್ಗ ಬಿಚ್ಚಿದ. "ಕಾಕಾ, ನಡಿ. ಕೆಳಗಿನ ಓಣಿ ಇನ್ನೂ ಬಾಕಿ ಐತಿ."

ಗುಂಪಿನಲ್ಲಿ ತಾಯಿಯೂ ಇದ್ದಳು. ಕೆಳಗಿನ ಓಣಿಯಲ್ಲಿ ಕಲ್ಲು ಜಾಸ್ತಿ ಎನ್ನಲು ಬಾಯಿ ತೆರೆದಳು. ಮಾತು ನುಂಗಿಕೊಂಡಳು. ಅದು ಎಷ್ಟು ಕಷ್ಟವೆಂದು ಹೆತ್ತವರನ್ನು ಕೇಳು. ಹುಡುಗ ಆ ಓಣಿಯಲ್ಲಿ ಒಮ್ಮೆ ಬಿದ್ದ ಕೂಡ. ಓಡಿ ಬಂದವರಿಗೆ ವೇಷಗಾರ ಅಡ್ಡ ನಿಂತ. ಹುಡುಗ ಎದ್ದು, ಮಣ್ಣು ಜಾಡಿಸಿಕೊಂಡು, ಬಿದ್ದದ್ದು ನೆಲದ್ದೇ ತಪ್ಪೆಂದು ಗೌಡನ ಗತ್ತಿನಲ್ಲಿ ನೆಲಕ್ಕೆ ಬೈದ. ಮಕ್ಕಳು ನಕ್ಕರು. ಓಣಿಯ ತುದಿಯವರೆಗೆ ಅವನು ನಡೆದ.

ಕೊನೆಯ ದಿನ ವೇಷಗಾರ ಬಣ್ಣ ತೊಳೆದು ಹೊರಟಾಗ ಜೊತೆಗೆ ಗಾದಿಲಿಂಗನೂ ಹೊರಟ. ಮುಂದೆ ಸುತ್ತಲಿನ ಸೀಮೆಯಲ್ಲಿ ಅವನ ಗೌಡನ ವೇಷಕ್ಕೆ ಜನ ಕಾಯುವಂತಾಯಿತು. ವರ್ಷಕ್ಕೊಮ್ಮೆ ತಾಯಿಯ ಮನೆಗೆ ನಡೆದು ಬರುತ್ತಿದ್ದ. ಅವನೂ ವೇಷಗಾರನೂ ದಾರಿಯುದ್ದಕ್ಕೂ ಜಗಳವಾಡುತ್ತಿದ್ದರಂತೆ.

ಆ ಊರು ನಾಚಿತೇ? ಬುದ್ಧಿ ಕಲಿಯಿತೇ? ಕೇಳು. ಹುಡುಗ ಹೋದ ಮರುದಿನವೇ ಗೌಡ ಸುತ್ತಲಿನ ಹಳ್ಳಿಗಳಿಗೆ ಆಳು ಅಟ್ಟಿದ. "ನಿಮ್ಮೂರಾಗ ಕುಂಟರು, ಕುರುಡರು ಯಾರರ ಅದಾರೇನು? ನಮ್ಮ ಕಟ್ಟಿ ಖಾಲಿ ಐತಿ. ಭಾಳ ಚೊಲೋ ನೋಡ್ಕೋತೇವಿ."

ಗುರುಗಳು ಮಾತು ನಿಲ್ಲಿಸಿದರು. ಅವರ ದನಿ ಏರಿತ್ತು, ಮುಖ ಕೆಂಪಗಾಗಿತ್ತು. ಶಿಷ್ಯ ತಲೆದೂಗಿದ.

"ಎಂಥ ಮೂಢರು, ಗುರುಗಳೇ! ಆದರೆ ನಾನು ಹಾಗಲ್ಲವಲ್ಲ. ಪುಣ್ಯದ ಆಸೆಗೆ ಎತ್ತಿದವನಲ್ಲ ನಾನು. ಆ ಹುಡುಗನನ್ನು ನೋಡಿ ನಿಜವಾಗಿ ನನ್ನ ಕರುಳು ಕಿತ್ತುಬಂತು."

"ಹೌದೇ? ಹಾಗಾದರೆ ಹೇಳು, ನೀನು ಎತ್ತಿಕೊಂಡಾಗ ಅವನು ಮೆಟ್ಟಿಲು ಹತ್ತುತ್ತಿದ್ದನೋ, ಇಳಿಯುತ್ತಿದ್ದನೋ?"